ಟೈಟಾನಿಯಂ ಮದ್ದು: ಐದು ಹೆಸರಿನ ಚೀಟಿಯಲ್ಲಿ ಯಾವುದಕ್ಕೆ ಟಿಕ್ ಹಾಕಬೇಕು?

ಜುಲೈಯಲ್ಲಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಬೋರಲು ಹಾಕಿ ಬಡಿದರೂ ಉಪ್ಪು ಉದುರುವುದಿಲ್ಲ. ಹಪ್ಪಳ ಕರಿದು ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗಿಬಿಡುತ್ತದೆ. ಅಂಥ ಒಂದು ಭಾನುವಾರ ತಮ್ಮನ ಮಗಳು ಬಂದಳು. ಇಲ್ಲೇ ಮುಂಬಯಿಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೆಯ ವರ್ಷ. ಕೊಡೆ ಬಾಗಿಲ ಹೊರಗಿಟ್ಟವಳೇ ಬ್ಯಾಗಿನಿಂದ ಒದ್ದೆ ಚೀಟಿ ತೆಗೆದಳು.

"ಅತ್ತೆ, ಪ್ರಾಜೆಕ್ಟಿಗೆ ಟೈಟಾನಿಯಂ ಕೊಟ್ಟಿದ್ದಾರೆ. ಕ್ಯಾನ್ಸರ್ ಮದ್ದು ಆಗಬಹುದಂತೆ. ಐದು ಹೆಸರು ಬರೆದು, ಒಂದನ್ನು ನೀನೇ ಆರಿಸಿಕೋ ಅಂದಿದ್ದಾರೆ ನಮ್ಮ ಗೈಡ್."

ಚೀಟಿಯಲ್ಲಿದ್ದದ್ದು ಇಷ್ಟು: ಬುಡೊಟೈಟೇನ್, ಟೈಟನೊಸೀನ್ ಡೈಕ್ಲೋರೈಡ್, ಟೈಟನೊಸೀನ್ ವೈ, ಸಲಾನ್, ಫಿನೊಲಾಟೈ. ನಾನು ಔಷಧಿ ಕಂಪನಿಯ ಕ್ವಾಲಿಟಿ ಕಂಟ್ರೋಲ್ (ಕ್ಯೂಸಿ) ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕ್ಯಾನ್ಸರ್ ಡಾಕ್ಟರ್ ಅಲ್ಲ. ಆದರೆ ಓದುವ ಕಾಲದಲ್ಲಿ ಟೈಟಾನಿಯಂ ಹತ್ತಿರ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಆ ಮಧ್ಯಾಹ್ನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಂಥ ಇನ್ನೂ ನಾಲ್ಕು ಮಕ್ಕಳಿಗೆ ಉಪಯೋಗವಾದೀತು.

ಅದಕ್ಕೂ ಮೊದಲು, ಮನೆಯಲ್ಲಿ ರೋಗಿ ಇರುವವರಿಗೆ

ನಮ್ಮ ಬಿಲ್ಡಿಂಗಿನ ಒಬ್ಬರು ಅಮ್ಮ ಮೊಬೈಲಿಗೆ ಬಂದ ಒಂದು ಸಂದೇಶ ತೋರಿಸಿ ಕೇಳಿದ್ದರು. ಅವರ ಯಜಮಾನರಿಗೆ ಸಿಸ್‌ಪ್ಲಾಟಿನ್ ಅನ್ನುವ ಪ್ಲಾಟಿನಂ ಮದ್ದಿನ ಕಿಮೊ ನಡೆಯುತ್ತಿತ್ತು. "ಪ್ಲಾಟಿನಂಗಿಂತ ಟೈಟಾನಿಯಂ ಒಳ್ಳೇದಂತೆ, ಕಿಡ್ನಿಗೆ ಏನೂ ಆಗಲ್ವಂತೆ. ಡಾಕ್ಟರಿಗೆ ಹೇಳಿ ಅದನ್ನೇ ಕೊಡಿ ಅನ್ನಲಾ?"

ನಿಮ್ಮ ಮುಂದೆ ಆ ಆಯ್ಕೆಯೇ ಇಲ್ಲ. ಟೈಟಾನಿಯಂನ ಕ್ಯಾನ್ಸರ್ ಔಷಧಿ ಒಂದಕ್ಕೂ ಇನ್ನೂ ಮಾರಾಟದ ಒಪ್ಪಿಗೆ ಸಿಕ್ಕಿಲ್ಲ. ಕಿಡ್ನಿಯ ಮಾತಂತೂ ತಲೆಕೆಳಗು. ಒಂದು ಟೈಟಾನಿಯಂ ಮದ್ದಿನ ಡೋಸು ಮೇಲೇರದಂತೆ ತಡೆದದ್ದೇ ಕಿಡ್ನಿ, ಅದನ್ನು ಮುಂದೆ ಹೇಳುತ್ತೇನೆ. ಮೂಳೆಗೆ ಹಾಕುವ ಪ್ಲೇಟು, ಹಲ್ಲಿನ ಇಂಪ್ಲಾಂಟ್ ಟೈಟಾನಿಯಂ ನಿಜ. ಅದು ಗಟ್ಟಿ ಲೋಹ, ಹಾಕಿದಲ್ಲೇ ಸುಮ್ಮನೆ ಕೂತಿರಬೇಕು. ಮದ್ದಿನ ಟೈಟಾನಿಯಂ ರಕ್ತದಲ್ಲಿ ಕರಗಿ ಓಡಾಡಬೇಕು. ಹೆಸರೊಂದೇ, ಕೆಲಸ ಬೇರೆ. ಟೈಟಾನಿಯಂ ಡ್ರಾಪ್ಸ್ ಅಂತ ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿ. ನಡೆಯುತ್ತಿರುವ ಕಿಮೊ ಬಿಡಬೇಡಿ.

ಅಳತೆಗೋಲು ಪ್ಲಾಟಿನಂ

ಯಾವ ಲೋಹದ ಮದ್ದು ಬಂದರೂ ಮೊದಲು ಸಿಸ್‌ಪ್ಲಾಟಿನ್ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆ. ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ದ್ರಾವಣಕ್ಕೆ ಕರೆಂಟು ಹಾಯಿಸಿ ನೋಡುತ್ತಿದ್ದರು. ಬ್ಯಾಕ್ಟೀರಿಯಾ ಎರಡಾಗಿ ಒಡೆಯುವುದನ್ನು ನಿಲ್ಲಿಸಿ ಸುಮ್ನೆ ಉದ್ದಕ್ಕೆ ಬೆಳೆಯುತ್ತಾ ಹೋದವು. ಕಾರಣ ಕರೆಂಟಲ್ಲ, ಪ್ಲಾಟಿನಂ ಕಡ್ಡಿಯಿಂದ ಕರಗಿ ಬಂದ ಪ್ಲಾಟಿನಂ. ಇದು 1965ರ ಮಾತು. 1978ರಲ್ಲಿ ಸಿಸ್‌ಪ್ಲಾಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 1989ರಲ್ಲಿ ಕಾರ್ಬೊಪ್ಲಾಟಿನ್‌ಗೆ. ಆಮೇಲೆ ಆಕ್ಸಾಲಿಪ್ಲಾಟಿನ್ ಬಂತು.

ಮೂರಕ್ಕೂ ಒಂದೊಂದು ಕಾಟ ಇದೆ. ಸಿಸ್‌ಪ್ಲಾಟಿನ್ ಕಿಡ್ನಿಗೆ, ಕಿವಿಗೆ ಹೊಡೆಯುತ್ತದೆ, ವಾಂತಿ ಜಾಸ್ತಿ. ಅದಕ್ಕೇ ಅದರ ಜೊತೆ ಅಷ್ಟೊಂದು ಸಲೈನ್ ಹಾಕುವುದು. ಕಾರ್ಬೊಪ್ಲಾಟಿನ್ ಕಿಡ್ನಿಯ ಮೇಲೆ ಮೆದು, ಪ್ಲೇಟ್‌ಲೆಟ್ ಇಳಿಸುತ್ತದೆ. ಆಕ್ಸಾಲಿಪ್ಲಾಟಿನ್ ತಗೊಂಡವರು ಫ್ರಿಜ್ಜಿನ ಬಾಟಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಯಾವ ಕ್ಯಾನ್ಸರಿಗೆ ಯಾವುದು ಅನ್ನುವುದು ಡಾಕ್ಟರ ಕೆಲಸ, ನಾನು ಕೈ ಹಾಕುವುದಿಲ್ಲ.

ನಮಗೆ ಇಲ್ಲಿ ಬೇಕಾದದ್ದು ಸಿಸ್‌ಪ್ಲಾಟಿನ್ ಮಾಡುವ ಒಂದು ಜಾಣತನ. ರಕ್ತದಲ್ಲಿ ಕ್ಲೋರೈಡ್ ಜಾಸ್ತಿ, ಜೀವಕೋಶದ ಒಳಗೆ ಕಡಿಮೆ. ರಕ್ತದಲ್ಲಿ ಸಾಗುವಾಗ ಸಿಸ್‌ಪ್ಲಾಟಿನ್ ತನ್ನ ಎರಡು ಕ್ಲೋರೈಡನ್ನು ಹಿಡಿದುಕೊಂಡಿರುತ್ತದೆ. ಕೋಶದ ಒಳಗೆ ಹೋದ ಮೇಲೆ ಬಿಡುತ್ತದೆ. ಆ ಜಾಗದಲ್ಲಿ ನೀರು ಬಂದು ಕೂರುತ್ತದೆ, ಆಮೇಲೆ ಡಿಎನ್‌ಎಯನ್ನು ಕಚ್ಚಿಕೊಳ್ಳುತ್ತದೆ. ಅಂದರೆ ಊರು ಮುಟ್ಟುವ ತನಕ ಗಂಟು ಬಿಚ್ಚುವುದಿಲ್ಲ. ಟೈಟಾನಿಯಂಗೆ ಈ ತಾಳ್ಮೆ ಇಲ್ಲ.

ಹಾಗಾದರೆ ಅದರ ಹಿಂದೆ ಯಾಕೆ ಬಿದ್ದಿದ್ದಾರೆ? ಸಿಸ್‌ಪ್ಲಾಟಿನ್‌ಗೆ ಬಗ್ಗದ ಕೆಲವು ಗಡ್ಡೆಗಳು ಇಲಿಗಳಲ್ಲಿ ಟೈಟಾನಿಯಂಗೆ ಬಗ್ಗಿದವು. ಅಸ್ಥಿಮಜ್ಜೆಯನ್ನು ಅದು ಅಷ್ಟಾಗಿ ಕಾಡಲಿಲ್ಲ. ಕೊನೆಗೆ ಕೆಟ್ಟರೂ ಆಗುವುದು ಹೆಚ್ಚಾಗಿ ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಬಿಳಿ ಪೇಂಟಿನಲ್ಲಿ, ಟೂತ್‌ಪೇಸ್ಟಿನಲ್ಲಿ ಇರುವ ಪುಡಿ. (ಅದೂ ಪೂರ್ತಿ ಸಾಧು ಅಂತಲ್ಲ. ತಿನ್ನುವ ಪದಾರ್ಥಕ್ಕೆ ಅದನ್ನು ಹಾಕುವುದನ್ನು ಯೂರೋಪ್ ಒಕ್ಕೂಟ 2022ರಲ್ಲಿ ನಿಷೇಧಿಸಿತು.) ಟೈಟಾನಿಯಂ ಅಗ್ಗ ಅಂತಲೂ ಕೆಲವರು ಬರೆಯುತ್ತಾರೆ. ರತ್ನಾಗಿರಿಯ ಕಡಲದಂಡೆಯ ಕಪ್ಪು ಮರಳಿನಲ್ಲೂ ಟೈಟಾನಿಯಂ ಇದೆ, ಸರಿ. ಆದರೆ ಮದ್ದಿನ ಬೆಲೆ ಲೋಹದ ಬೆಲೆಯಿಂದ ನಿರ್ಧಾರ ಆಗುವುದಿಲ್ಲ. ಆ ಕಾರಣಕ್ಕೆ ಮಾತ್ರ ಟೈಟಾನಿಯಂ ಆರಿಸಬೇಡಿ.

ನೀರಿನ ಜಗಳ

ನನ್ನ ಎಂ.ಎಸ್ಸಿ. ದಿನಗಳ ಒಂದು ಮಳೆಗಾಲ. ಟೈಟಾನಿಯಂ ಟೆಟ್ರಾಕ್ಲೋರೈಡ್ ಬಾಟಲಿ ತೆರೆಯಬೇಕಿತ್ತು. ನೋಡಲು ನೀರಿನ ಹಾಗೆ ಇರುವ ದ್ರವ. ಲ್ಯಾಬಿನ ಕಿಟಕಿಯ ಗಾಜಿನ ಒಳಬದಿಯಲ್ಲೂ ನೀರು ಇಳಿಯುತ್ತಿತ್ತು, ಗಾಳಿ ಅಷ್ಟು ಒದ್ದೆ. ಮುಚ್ಚಳ ಅರ್ಧ ತಿರುಗಿಸಿದ್ದೇ ತಡ, ಬಾಟಲಿಯ ಬಾಯಿಂದ ಬಿಳಿ ಹೊಗೆ ಹೊರಳಿ ಹೊರಳಿ ಬಂತು. ಅಂಗಳದಲ್ಲಿ ಹಸಿ ಸೌದೆ ಉರಿಸಿದ ಹಾಗೆ. ಹೊಗೆ ಹೊರಗೆಳೆಯುವ ಗೂಡು, ಅಂದರೆ ಫ್ಯೂಮ್ ಹುಡ್‌ನ ಫ್ಯಾನು ಹೆಸರಿಗೆ ಮಾತ್ರ ತಿರುಗುತ್ತಿತ್ತು. ಮೂಗು, ಗಂಟಲು ಉರಿದು ಎಲ್ಲರೂ ಕಾರಿಡಾರಿಗೆ ಓಡಿದೆವು. ತಿರುಗಿ ಬಂದು ನೋಡಿದರೆ ಬಾಟಲಿಯ ಕುತ್ತಿಗೆ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಪುಡಿ.

ಗಾಳಿಯ ಪಸೆ ಮುಟ್ಟಿದ ಕೂಡಲೇ ಟೈಟಾನಿಯಂ ಕ್ಲೋರಿನ್ ಬಿಟ್ಟು ಆಮ್ಲಜನಕ ಹಿಡಿಯುತ್ತದೆ. ಕ್ಲೋರಿನ್ ಹೈಡ್ರೋಕ್ಲೋರಿಕ್ ಆಸಿಡ್ ಆಗಿ ಹೊರಬೀಳುತ್ತದೆ, ಉರಿ ಅದರದು. ಯುದ್ಧದಲ್ಲಿ ಹೊಗೆಯ ಪರದೆ ಎಬ್ಬಿಸಲು ಇದನ್ನೇ ಬಳಸುತ್ತಿದ್ದರು. ಟೈಟಾನಿಯಂಗೆ ಆಮ್ಲಜನಕದ ಹುಚ್ಚು, ಮತ್ತು ನಮ್ಮ ಮೈಯಲ್ಲಿ ಇರುವುದೆಲ್ಲ ನೀರೇ ಅಲ್ವಾ? ಹಾಗಾಗಿ ಚೀಟಿಯ ಐದೂ ಹೆಸರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ನೀರಿನಲ್ಲಿ ಎಷ್ಟು ಹೊತ್ತು ಬದುಕುತ್ತೀಯ? ಎಷ್ಟು ಕೋಶ ಕೊಂದೆ ಅಂತ ಆಮೇಲೆ ಕೇಳುತ್ತೇನೆ.

ಬುಡೊಟೈಟೇನ್

ಪ್ಲಾಟಿನಂ ಬಿಟ್ಟು ಮನುಷ್ಯರ ಪರೀಕ್ಷೆಯ ತನಕ ಹೋದ ಲೋಹದ ಸಂಯುಕ್ತಗಳಲ್ಲಿ ಈ ಹೊಸ ಪೀಳಿಗೆಯ ಮೊದಲನೆಯದು, 1986ರಲ್ಲಿ. ಜರ್ಮನಿಯ ಬರ್ನ್‌ಹಾರ್ಡ್ ಕೆಪ್ಲರ್ ಅವರ ಕೂಸು. ಟೈಟಾನಿಯಂ ಸುತ್ತ ಎರಡು ಬೆಂಜಾಯ್ಲ್‌ಅಸಿಟೋನ್, ಎರಡು ಈಥಾಕ್ಸಿ ಅನ್ನುವ ತುಣುಕುಗಳು. ನೀರಿಗೆ ಹಾಕಿದರೆ ಈಥಾಕ್ಸಿ ಬೇಗ ಕಳಚುತ್ತದೆ. ಹಾಗಾಗಿ ಹರಳೆಣ್ಣೆಯಿಂದ ಮಾಡುವ ಕ್ರೆಮೊಫೋರ್‌ನಲ್ಲಿ ಮುಳುಗಿಸಿ ಕೊಡಬೇಕಾಯಿತು. ರೋಗಿಗಳಲ್ಲಿ ಡೋಸು ಏರಿಸುತ್ತಾ ಹೋದಾಗ ಹೃದಯದ ಬಡಿತ ತಪ್ಪಿತು, ಅಲ್ಲಿಗೆ ನಿಂತಿತು.

ಕ್ಯೂಸಿಯಲ್ಲಿ ಕೂರುವ ನನಗೆ ಇದರ ದೊಡ್ಡ ತೊಂದರೆ ಬೇರೆ. ಈ ಅಣುವಿಗೆ ಒಂದೇ ಆಕಾರ ಇಲ್ಲ. ಅದೇ ದ್ರಾವಣದಲ್ಲಿ ಮೂರು ಆಕಾರಗಳು ಒಂದರಿಂದೊಂದಕ್ಕೆ ಬದಲಾಗುತ್ತಾ ಇರುತ್ತವೆ. ಇವತ್ತಿನ ಬ್ಯಾಚಿನಲ್ಲಿ ಇರುವುದೇ ನಾಳೆಯ ಬ್ಯಾಚಿನಲ್ಲೂ ಇದೆ ಅಂತ ನಾನು ಸಹಿ ಹಾಕುವುದು ಹೇಗೆ? ಚರಿತ್ರೆಗೆ ಇಟ್ಟುಕೊಳ್ಳಿ, ಪ್ರಾಜೆಕ್ಟಿಗೆ ಬೇಡ.

ಟೈಟನೊಸೀನ್ ಡೈಕ್ಲೋರೈಡ್

ಇದರ ಮೇಲೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಕುಂಕುಮಕ್ಕಿಂತ ಸ್ವಲ್ಪ ಗಾಢವಾದ ಕೆಂಪು ಹರಳು. ಎರಡು ಐದು ಮೂಲೆಯ ಇಂಗಾಲದ ಉಂಗುರಗಳ ನಡುವೆ ಟೈಟಾನಿಯಂ, ಜೊತೆಗೆ ಎರಡು ಕ್ಲೋರಿನ್. ಮೊದಲು ಮಾಡಿದ್ದು 1950ರ ದಶಕದಲ್ಲಿ, ಜೆಫ್ರಿ ವಿಲ್ಕಿನ್ಸನ್ ಲ್ಯಾಬಿನಲ್ಲಿ. ಅವರಿಗೆ 1973ರಲ್ಲಿ ನೊಬೆಲ್ ಬಂತು. ಇದು ಇಲಿಯ ಗಡ್ಡೆಯ ಮೇಲೆ ಕೆಲಸ ಮಾಡುತ್ತದೆ ಅಂತ 1979ರಲ್ಲಿ ತೋರಿಸಿದವರು ಜರ್ಮನಿಯ ಪೆಟ್ರಾ ಕೋಫ್-ಮಾಯರ್ ಮತ್ತು ಹಾರ್ಟ್‌ಮುಟ್ ಕೋಫ್.

ಸಿಸ್‌ಪ್ಲಾಟಿನ್‌ಗೂ ಎರಡು ಕ್ಲೋರೈಡ್, ಇದಕ್ಕೂ ಎರಡು. ಹಾಗಾಗಿ ಕೆಲಸವೂ ಒಂದೇ ರೀತಿ ಅಂತ ಮೊದಮೊದಲು ಅಂದುಕೊಂಡರು. ಅಲ್ಲ. ನೀರು ಮುಟ್ಟಿದ ಕ್ಷಣವೇ ಇದರ ಮೊದಲ ಕ್ಲೋರೈಡ್ ಹೋಗುತ್ತದೆ. ಎರಡನೆಯದರಲ್ಲಿ ಅರ್ಧ, ಒಂದು ಗಂಟೆಯೊಳಗೆ ಹೋಗುತ್ತದೆ. ಉಂಗುರಗಳು ಇನ್ನೂ ಕೆಲವು ದಿನ ಎಳೆಯುತ್ತವೆ. ಆದರೆ ರಕ್ತದ ಪಿಎಚ್‌ಗೆ ತಂದರೆ ಅಷ್ಟರೊಳಗೇ ತಳದಲ್ಲಿ ಕೆಸರು.

ನನ್ನ ಕಣ್ಣಾರೆ ಕಂಡದ್ದು ಹೀಗೆ. ಕೆಂಪು ಪುಡಿಯನ್ನು ನೀರಿಗೆ ಹಾಕಿ ಅಲುಗಾಡಿಸಿದೆ. ಹಳದಿ ಕಿತ್ತಳೆ ಬಣ್ಣಕ್ಕೆ ಕರಗಿತು, ಬಹಳ ಚಂದ. ಜೀವಕೋಶಕ್ಕೆ ಹಾಕುವ ಮದ್ದಲ್ವಾ ಅಂತ ಜಾಣತನ ಮಾಡಿ ಪಿಬಿಎಸ್, ಅಂದರೆ ಫಾಸ್ಫೇಟ್ ಬಫರ್, ಬೆರೆಸಿದೆ. ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂದೆ. ಟ್ಯೂಬಿನಲ್ಲಿ ಅಕ್ಕಿ ತೊಳೆದ ನೀರು! ಟೈಟಾನಿಯಂ ಫಾಸ್ಫೇಟನ್ನು ಬಿಡುವುದೇ ಇಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ, ಪುಸ್ತಕದಲ್ಲಿ ಇದ್ದದ್ದನ್ನು ನಾನೂ ಓದಿರಲಿಲ್ಲ. ಆ ಬಿಳಿ ನೀರನ್ನೇ ಕೋಶದ ಮೇಲೆ ಹಾಕಿ "ಮದ್ದು ಕೆಲಸ ಮಾಡುವುದಿಲ್ಲ" ಅಂತ ಮೂರು ವಾರ ವರದಿ ಬರೆದೆ.

ಮನುಷ್ಯರ ಮೇಲೆ ಜರ್ಮನಿಯಲ್ಲಿ 1990ರ ದಶಕದಲ್ಲಿ ಪರೀಕ್ಷೆ ನಡೆಯಿತು. ಡೋಸನ್ನು ತಡೆದು ನಿಲ್ಲಿಸಿದ್ದು ಕಿಡ್ನಿ. ಅಸ್ಥಿಮಜ್ಜೆ ಮಾತ್ರ ಚೆನ್ನಾಗಿಯೇ ಉಳಿಯಿತು. ಮುಂದಿನ ಹಂತದಲ್ಲಿ ಹರಡಿದ ಕಿಡ್ನಿ ಕ್ಯಾನ್ಸರಿಗೂ ಸ್ತನ ಕ್ಯಾನ್ಸರಿಗೂ ಕೊಟ್ಟು ನೋಡಿದರು. ಮುಂದುವರಿಸುವಷ್ಟು ಫಲ ಸಿಗಲಿಲ್ಲ, ಕೈಬಿಟ್ಟರು.

ಆದರೂ ಇದು ಒಂದು ಕುತೂಹಲ ಬಿಟ್ಟು ಹೋಯಿತು. ನೀರಿನಲ್ಲಿ ಇಷ್ಟು ಬೇಗ ಕೆಡುವುದು ಕೋಶದ ಒಳಗೆ ಹೇಗೆ ಹೋಯಿತು? ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನ್ ಇದೆ. ಅದರ ಸೀಟುಗಳಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಕಬ್ಬಿಣ ಕೂತಿರುತ್ತದೆ. ಮುಂಬಯಿಯಲ್ಲಿ ಅಂಥ ಲೋಕಲ್ ನಮಗೆ ಕನಸಿನಲ್ಲೂ ಸಿಗದು. ಆ ಖಾಲಿ ಸೀಟಿನಲ್ಲಿ ಟೈಟಾನಿಯಂ ಕೂರುತ್ತದೆ ಅಂತ ಪೀಟರ್ ಸ್ಯಾಡ್ಲರ್ ತಂಡ ತೋರಿಸಿತು. ಕ್ಯಾನ್ಸರ್ ಕೋಶಗಳಿಗೆ ಕಬ್ಬಿಣದ ಹಸಿವು ಜಾಸ್ತಿ, ಹಾಗಾಗಿ ಈ ಗಾಡಿಯನ್ನು ಜಾಸ್ತಿ ಒಳಗೆ ಕರೆಯುತ್ತವೆ. ಕೇಳಲು ಬಲು ಸೊಗಸು. ಹತ್ತಿದವನು ಸರಿಯಾದ ಸ್ಟೇಷನ್ನಿನಲ್ಲಿ ಇಳಿದು ಕೆಲಸವನ್ನೂ ಮಾಡುತ್ತಾನಾ ಅನ್ನುವುದು ಬೇರೆ ಪ್ರಶ್ನೆ, ಅದರ ಚರ್ಚೆ ಮುಗಿದಿಲ್ಲ.

ಪ್ರಾಜೆಕ್ಟಿಗೆ? ಮುಖ್ಯ ವಸ್ತುವಾಗಿ ಬೇಡ. ಪಕ್ಕದಲ್ಲಿ ಇಟ್ಟು ಹೋಲಿಸಲು ಬೇಕೇ ಬೇಕು. ಬಾಟಲಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಮಾಡುವ ಕಷ್ಟವಿಲ್ಲ.

ಟೈಟನೊಸೀನ್ ವೈ

ಡಬ್ಲಿನ್‌ನ ಮಥಿಯಾಸ್ ಟಾಕೆ ಅವರ ತಂಡ ಆ ಎರಡು ಉಂಗುರಗಳಿಗೆ ಒಂದೊಂದು ಮಿಥಾಕ್ಸಿಬೆಂಜೈಲ್ ಬಾಲ ಕಟ್ಟಿತು. ಫಲ ಎಷ್ಟು ಬದಲಾಯಿತು ನೋಡಿ. ಹಂದಿಯ ಕಿಡ್ನಿಯ ಒಂದು ಬಗೆಯ ಕೋಶದ ಮೇಲೆ, ಅರ್ಧ ಕೋಶಗಳನ್ನು ತಡೆಯಲು ಡೈಕ್ಲೋರೈಡ್ 2000 ಮೈಕ್ರೊಮೋಲಾರ್ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಬೇಕಿದ್ದರೆ ಇದು 21ರಲ್ಲಿ ಮುಗಿಸಿತು. ಅದೇ ಕೋಶಕ್ಕೆ ಸಿಸ್‌ಪ್ಲಾಟಿನ್‌ನ ಲೆಕ್ಕ 3.3. ಅಂದರೆ ನೂರು ಪಟ್ಟು ಮುಂದೆ ಬಂದರೂ ಅಳತೆಗೋಲಿಗಿಂತ ಹಿಂದೆಯೇ. ಕಿಡ್ನಿ ಕ್ಯಾನ್ಸರ್ ಬೆಳೆಸಿದ ಇಲಿಗಳಲ್ಲೂ ಗಡ್ಡೆಯ ಬೆಳವಣಿಗೆ ತಗ್ಗಿಸಿತು.

ಮಾಡುವುದು ಮಾತ್ರ ಮುಂಬಯಿ ಮಳೆಗಾಲದ ಕೆಲಸವಲ್ಲ. ಅನಿಸಾಲ್ಡಿಹೈಡಿನಿಂದ ಶುರು, ಸೋಂಪಿನ ಘಮ, ಲ್ಯಾಬೆಲ್ಲ ಹೋಟೆಲಿನ ಗಲ್ಲಾಪೆಟ್ಟಿಗೆ ಪಕ್ಕ ನಿಂತ ಹಾಗೆ. ಮುಂದೆ ಸೈಕ್ಲೊಪೆಂಟಡೈಯೀನ್ ಬೇಕು, ಅದರ ನಾತ ಮನೆ ತನಕ ಹಿಂಬಾಲಿಸುತ್ತದೆ. ಕೊನೆಗೆ ಮತ್ತದೇ ಟೆಟ್ರಾಕ್ಲೋರೈಡ್. ಪಸೆ, ಗಾಳಿ ಎರಡನ್ನೂ ದೂರ ಇಡುವ ಶ್ಲೆಂಕ್ ಲೈನ್ ನಿಮ್ಮ ಲ್ಯಾಬಿನಲ್ಲಿ ದಿನಾ ಓಡುತ್ತಿದ್ದರೆ, ಅದರಲ್ಲಿ ಕೈ ಪಳಗಿದ ಸೀನಿಯರ್ ಪಕ್ಕದಲ್ಲಿದ್ದರೆ ಇಳಿಯಿರಿ. ಇಲ್ಲದಿದ್ದರೆ ವರ್ಷ ಪೂರ್ತಿ ಮಾಡುವುದರಲ್ಲೇ ಹೋಗುತ್ತದೆ, ಅಳೆಯಲು ಏನೂ ಉಳಿಯುವುದಿಲ್ಲ.

ಇದೇ ಮನೆತನದಲ್ಲಿ ಟೈಟಾನಿಯಂ ಜೊತೆ ಚಿನ್ನವನ್ನೂ ಕಟ್ಟಿದವರಿದ್ದಾರೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮರಿಯಾ ಕೊಂಟೆಲ್ ತಂಡ ಆ ದಾರಿಯಲ್ಲಿದೆ. ಚೀಟಿಯಲ್ಲಿ ಇರಲಿಲ್ಲ, ಇರದಿದ್ದದ್ದೇ ಒಳ್ಳೆಯದಾಯಿತು.

ಸಲಾನ್

2007ರಲ್ಲಿ ಜೆರುಸಲೆಮ್‌ನ ಹೀಬ್ರೂ ವಿಶ್ವವಿದ್ಯಾಲಯದ ಎಡಿಟ್ ಟ್ಶುವಾ ತಂಡ ಉಂಗುರಗಳನ್ನೇ ಬಿಟ್ಟಿತು. ಟೈಟಾನಿಯಂಗೆ ಆಮ್ಲಜನಕದ ಹುಚ್ಚು ಅಂದೆನಲ್ಲ, ಅದನ್ನು ತಡೆಯುವ ಬದಲು ಅದಕ್ಕೆ ಬೇಕಾದ್ದನ್ನೇ ಕೊಟ್ಟರು. ಎರಡು ಫಿನಾಲ್ ಆಮ್ಲಜನಕ, ಎರಡು ಸಾರಜನಕ ಇರುವ, ಸಲಾನ್ ಅನ್ನುವ ಒಂದೇ ಉದ್ದ ಅಣು ನಾಲ್ಕು ಕಡೆಯಿಂದ ಅದನ್ನು ಅಪ್ಪಿಕೊಳ್ಳುತ್ತದೆ. ಉಳಿದ ಎರಡು ಜಾಗದಲ್ಲಿ ಐಸೊಪ್ರೊಪಾಕ್ಸೈಡ್. ಅಣು ಒಂದೇ ಆಕಾರಕ್ಕೆ ಬರುತ್ತದೆ, ಬುಡೊಟೈಟೇನ್‌ನ ಮೂರು ಮುಖದ ತಾಪತ್ರಯ ಇಲ್ಲ. ಹಲವು ಕೋಶಗಳ ಮೇಲೆ ಸಿಸ್‌ಪ್ಲಾಟಿನ್‌ಗೆ ಸಮ, ಕೆಲವು ಕಡೆ ಅದಕ್ಕಿಂತ ಚುರುಕು.

ಇದಕ್ಕೂ ನೀರು ತಟ್ಟುತ್ತದೆ, ಆದರೆ ಗಂಟೆಗಳ ಲೆಕ್ಕದಲ್ಲಿ. ಐಸೊಪ್ರೊಪಾಕ್ಸೈಡ್ ಕಳಚಿ ಹಲವು ಟೈಟಾನಿಯಂ ಸೇರಿದ ಗುಂಪು ಆಗುತ್ತದೆ. ಆ ಗುಂಪನ್ನು ಪ್ರತ್ಯೇಕ ಮಾಡಿ ಕೋಶಕ್ಕೆ ಹಾಕಿದರೆ ಸಪ್ಪೆ. ಅದನ್ನೇ ನ್ಯಾನೊ ಕಣವಾಗಿ ಮಾಡಿ ಹಾಕಿದರೆ ಮತ್ತೆ ಕೆಲಸ ಮಾಡುತ್ತದೆ. ಅಂದರೆ ವಿಷ ಇತ್ತು, ಒಳಗೆ ಹೋಗುವ ದಾರಿ ಇರಲಿಲ್ಲ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ವಿದ್ಯಾರ್ಥಿಗೆ ಇದರಲ್ಲಿ ಇರುವ ಸುಖ ಹೇಳುತ್ತೇನೆ. ಹಿಡಿಯುವ ಅಣುವನ್ನು ಒಂದೇ ಪಾತ್ರೆಯಲ್ಲಿ ಮಾಡಬಹುದು: ಫಿನಾಲ್, ಫಾರ್ಮಾಲ್ಡಿಹೈಡ್, ಡೈಅಮೀನ್, ಮೆಥನಾಲಿನಲ್ಲಿ ಕಾಯಿಸುವುದು. ಫಿನಾಲ್ ಮೇಲೆ ಕ್ಲೋರಿನ್ ಎಲ್ಲಿ ಕೂತಿದೆ, ಮಿಥೈಲ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ ನೀರಿನಲ್ಲಿ ಇರುವ ಆಯಸ್ಸು ಬದಲಾಗುತ್ತದೆ. ಎರಡು ಮೂರು ಬಗೆ ಮಾಡಿದರೆ ಹೋಲಿಸಲು ವಿಷಯ ಸಿಕ್ಕಿತು. ಅಳೆಯುವುದೂ ಸುಲಭ. ಅಣುವಿನ ಭಾಗಗಳನ್ನು ಗೆರೆಗಳಾಗಿ ತೋರಿಸುವ ಎನ್‌ಎಂಆರ್ ಮೆಷಿನಿನ ಟ್ಯೂಬಿಗೆ ಭಾರಜಲ ಬೆರೆಸಿ ಗಂಟೆಗೊಮ್ಮೆ ನೋಡಿ. ಕಟ್ಟಿಕೊಂಡಿದ್ದ ಐಸೊಪ್ರೊಪಾಕ್ಸೈಡ್ ಗೆರೆ ಇಳಿಯುತ್ತದೆ, ಬಿಡುಗಡೆಯಾದ ಐಸೊಪ್ರೊಪನಾಲ್ ಗೆರೆ ಏರುತ್ತದೆ. ಮದ್ದು ಸಾಯುವುದನ್ನು ಗಡಿಯಾರ ಹಿಡಿದು ನೋಡಬಹುದು.

ಫಿನೊಲಾಟೈ

ಅದೇ ತಂಡದ ಮುಂದಿನ ಹೆಜ್ಜೆ. ನಾಲ್ಕು ಕಡೆ ಅಲ್ಲ, ಆರೂ ಕಡೆಯಿಂದ ಒಂದೇ ಅಣು ಅಪ್ಪಿಕೊಳ್ಳುತ್ತದೆ. ಕಳಚಿ ಬೀಳಲು ಏನೂ ಇಲ್ಲ. ನೀರಿನಲ್ಲಿ ದಿನಗಟ್ಟಲೆ ಹಾಗೇ ಇರುತ್ತದೆ. ಇಲಿಗಳಲ್ಲಿ ಗಡ್ಡೆ ತಗ್ಗಿಸಿತು, ವಿಷದ ಲಕ್ಷಣ ಕಾಣಿಸಲಿಲ್ಲ. ಮದ್ದಾಗಿ ನೋಡಿದರೆ ಐದರಲ್ಲಿ ನನ್ನ ಓಟು ಇದಕ್ಕೆ. ಕ್ಯೂಸಿಯವಳಾಗಿ ಸಹಿ ಹಾಕುವುದಾದರೂ ಇದಕ್ಕೇ ಹಾಕಿಯೇನು.

ಆದರೆ ಒಂದು ವರ್ಷದ ಪ್ರಾಜೆಕ್ಟಿಗೆ ಇದು ಸಮಸ್ಯೆ. ಏನೂ ಕಳಚದ ಅಣು ಕೋಶದ ಒಳಗೆ ಮಾಡುವುದಾದರೂ ಏನು? ಅದನ್ನು ಹುಡುಕಲು ಜೀವಶಾಸ್ತ್ರದ ದೊಡ್ಡ ಲ್ಯಾಬು, ಬೇಕಾದಷ್ಟು ಸಮಯ ಎರಡೂ ಬೇಕು. ಪಿಎಚ್.ಡಿ.ಗೆ ಇಟ್ಟುಕೋ ಅಂದೆ.

ಕೈಗೆ ಬರುವ ಕೆಲವು ಮಾತು

ಹೋಲಿಸುವಾಗ ಐಸಿ50, ಅಂದರೆ ಅರ್ಧ ಕೋಶಗಳನ್ನು ತಡೆಯಲು ಬೇಕಾಗುವ ಪ್ರಮಾಣದ ಅಂಕಿ ಮಾತ್ರ ನೋಡಿ ಮರುಳಾಗಬೇಡಿ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದು ಲ್ಯಾಬಿನ ಅಂಕಿಯ ಪಕ್ಕ ಇಡುವುದು ದಾದರ್ ತರಕಾರಿ ರೇಟನ್ನು ಉಡುಪಿ ರೇಟಿನ ಪಕ್ಕ ಇಟ್ಟ ಹಾಗೆ. ಅದೇ ಕೋಶ, ಅಷ್ಟೇ ಗಂಟೆ, ಅದೇ ದಿನ ಸಿಸ್‌ಪ್ಲಾಟಿನ್ ಜೊತೆ ಇಟ್ಟು ಮಾಡಿದ್ದಾದರೆ ಮಾತ್ರ ನಂಬಿ. ಮೂರು ದಿನದ ಪರೀಕ್ಷೆಯಲ್ಲಿ ಮೊದಲ ಗಂಟೆಗೇ ಕೆಟ್ಟ ಮದ್ದಿನ ಅಂಕಿ ನಿಜವಾಗಿ ಯಾವ ವಸ್ತುವಿನದು? ಇದನ್ನು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಎಲ್ಲವನ್ನೂ ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸುವ ಅಭ್ಯಾಸ ನಮ್ಮ ಲ್ಯಾಬುಗಳಲ್ಲಿ ಬಹಳ. ಸಿಸ್‌ಪ್ಲಾಟಿನ್ ಅದರಲ್ಲಿ ಕೆಡುತ್ತದೆ, ಅದನ್ನು ಸಲೈನಿನಲ್ಲೇ ಕರಗಿಸಿ. ಸಲಾನ್‌ಗೆ ಟಿಎಚ್‌ಎಫ್ ಅನ್ನುವ ದ್ರಾವಕ ನಡೆಯುತ್ತದೆ, ಕೋಶಕ್ಕೆ ಹೋಗುವ ಪಾಲು ತೀರಾ ಕಡಿಮೆ ಇರಲಿ. ಪಿಬಿಎಸ್ ಕತೆ ಆಗಲೇ ಹೇಳಿದೆ. ಟೈಟಾನಿಯಂ ಇದೆಯೋ ಇಲ್ಲವೋ ಅಂತ ಬೇಗ ನೋಡಬೇಕಿದ್ದರೆ ಆಸಿಡ್ಡಿನಲ್ಲಿ ಕರಗಿಸಿ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಹಳದಿ ಕಿತ್ತಳೆ ಬಣ್ಣ ಬಂದರೆ ಇದೆ. ಹಳೆಯ ಪರೀಕ್ಷೆ, ಮೆಷಿನ್ ಕೆಟ್ಟ ದಿನ ಕೈ ಹಿಡಿಯುತ್ತದೆ.

ಅವಳು ನೀರುದೋಸೆ ತಿನ್ನುತ್ತಲೇ ಸಲಾನ್ ಮುಂದೆ ಟಿಕ್ ಹಾಕಿದಳು, ಡೈಕ್ಲೋರೈಡ್ ಮುಂದೆ "ಹೋಲಿಕೆಗೆ" ಅಂತ ಬರೆದುಕೊಂಡಳು. ಹೊರಡುವಾಗ ನನ್ನ ಹೊಸ ಚಪ್ಪಲಿ ಡಬ್ಬಿಯಲ್ಲಿದ್ದ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಬಿಡಲಿಲ್ಲ. ಮೊನ್ನೆ ಫೋನ್ ಮಾಡಿದ್ದಳು. ಲಿಗಾಂಡ್, ಅಂದರೆ ಟೈಟಾನಿಯಂ ಹಿಡಿಯುವ ಅಣು, ಬಿಳಿ ಪುಡಿಯಾಗಿ ಚೆನ್ನಾಗಿ ಬಂದಿದೆಯಂತೆ. ಟೈಟಾನಿಯಂ ಸೇರಿಸುವುದು ಚೌತಿ ಕಳೆದ ಮೇಲೆ, ಮಳೆ ಸ್ವಲ್ಪ ಇಳಿಯಲಿ ಅಂತ ಗೈಡೇ ಹೇಳಿದರಂತೆ.